ಅಕ್ಕ ಬೀಸುತ್ತ ಕಲಿತ ಪಾಠ

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಆಗತಾನೇ ಬೀಸಿದ ರಾಗಿಯ ವಾಸನೆ ಬಂದರೆ ನಮ್ಮೂರು ದಂಡಿಗನಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. ಅಪ್ಪನಿಗೆ ಓದು ಬಾರದು. ಅದಕ್ಕೇ ಅವನೊಂದು ನೇಮ ಮಾಡಿದ್ದ: ಅಕ್ಕ ರಾಗಿ ಬೀಸುವಷ್ಟು ಹೊತ್ತೂ ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕು. ನನ್ನ ದನಿ ನಿಂತರೆ ಜಗಲಿಯಿಂದ ಕೆಮ್ಮುತ್ತಿದ್ದ. ಅಕ್ಕನನ್ನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು.

ಅವತ್ತು ಪುಸ್ತಕ ಮುಚ್ಚಿ ಕಾವೇರಿಯ ಉಪನದಿಗಳನ್ನು ಒಪ್ಪಿಸುವಾಗ ಎರಡು ಹೇಳಿ ನಿಂತೆ.

"ಈ ಕಲ್ಲಿಗೂ ಬಾಯಿಪಾಠ ಆಗೈತೆ ಕಣ್ಲಾ!" ಎಂದು ನಕ್ಕ ಅಕ್ಕ, ಉಳಿದ ಪಾಠವನ್ನೆಲ್ಲ ತಪ್ಪಿಲ್ಲದೆ ಹೇಳಿಬಿಟ್ಟಳು. ಆಮೇಲೆ ಜಗಲಿಯ ಕಡೆ ತಿರುಗಿ, "ಅಪ್ಪಾ, ನಾನೂ ಪರೀಕ್ಷೆ ಕಟ್ಲಾ?" ಎಂದಳು.

ಅಪ್ಪ ಜಗಲಿಯಿಂದ ಎದ್ದ. ಒಳಗೆ ಬಂದು ನನಗೆ ಹೇಳಿದ: "ಲೇ, ನಾಳಿಂದ ಕೊಟ್ಟಿಗೇಲಿ ಕೂತ್ಕಂಡು ಮನಸ್ನಲ್ಲೇ ಓದ್ಕಾ. ಕಟ್ಟಾಯದಿಂದ ಗಂಡಿನ ಕಡೇರು ಬತ್ತಾವ್ರೆ. ಇವ್ಳ ತಲೆ ಕೆಡಿಸ್ಬ್ಯಾಡ."

ಮಾರನೆಯ ದಿನ ನಾನು ಕೊಟ್ಟಿಗೆಯಲ್ಲಿ ಕೂತೆ. ಒಳಗೆ ಬೀಸುವ ಕಲ್ಲಿನ ಸದ್ದು ನಡುನಡುವೆ ನಿಲ್ಲುತ್ತಿತ್ತು. ಅಕ್ಕ ಕಿವಿಗೊಟ್ಟಿದ್ದಾಳೆಂದು ನನಗೆ ಗೊತ್ತಿತ್ತು.

ನಾನು ಮನಸ್ಸಿನಲ್ಲೇ ಓದಿಕೊಂಡೆ.