ರಸ್ತೆ ಆಚೆಯಿಂದ ಕಾಣುವ ಹುಬ್ಬು

"ಅಲ್ಲಾಡಬೇಡ ಕಣೇ. ಅಕ್ಷರ ಸೊಟ್ಟಗಾಗುತ್ತೆ," ಎಂದ ಗಂಡ.

"ಅಕ್ಷರ ಅಲ್ಲ ರೀ, ಹುಬ್ಬು," ಎಂದಳು ಲೈಬ್ರರಿ ಮೇಡಂ, ತುಟಿ ಅರ್ಧ ಮಾತ್ರ ತೆರೆದು.

ಪೂರ್ತಿ ತೆರೆದರೆ ಉರಿ. ಕೀಮೋ ಶುರುವಾದ ಮೇಲೆ ಬಾಯಿ ತುಂಬಾ ಹುಣ್ಣು. ಬೆರಳ ತುದಿಗಳು ಜೋಮು ಹಿಡಿದು, ಪೆನ್ಸಿಲ್ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಎದೆಯ ಗಂಟಿಗೆಂದು ಕೊಟ್ಟ ಔಷಧಿ ತಲೆಗೂದಲನ್ನು ತೆಗೆದುಕೊಂಡು ಸುಮ್ಮನಾಗಬಾರದಿತ್ತೇ? ಹುಬ್ಬಿಗೂ ಕೈ ಹಾಕಿತ್ತು. ಹಾಗಾಗಿ ಜಗಲಿಯಲ್ಲಿ ಕೂತು ಮುಖವನ್ನು ಗಂಡನಿಗೆ ಒಪ್ಪಿಸಿದ್ದಳು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಸೀಮೆಸುಣ್ಣ ಹಚ್ಚಿದ ದಾರವನ್ನು ಅವಳ ಹಣೆಗೆ ಅಡ್ಡ ಹಿಡಿದು, ಟಪ್ಪೆಂದು ಮೀಟಿ ಗೆರೆ ಹಾಕಿದ. ಎರಡು ಹುಬ್ಬನ್ನೂ ಬರೆದವನೇ ಬೀದಿಗಿಳಿದು, ರಸ್ತೆ ದಾಟಿ, ಆಚೆ ಬದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ವಾಪಸ್ ಬಂದು ಇನ್ನಷ್ಟು ದಪ್ಪ ಮಾಡಿದ.

"ಅಷ್ಟು ದೂರದಿಂದ ನನ್ನನ್ನ ಯಾರು ನೋಡ್ತಾರೆ?"

"ಬಸ್ಸಲ್ಲಿ ಹೋಗೋರಿಗೂ ಕಾಣ್ಬೇಕು. ಇಲ್ಲಾಂದ್ರೆ ಬರೆದು ಏನು ಪ್ರಯೋಜನ?"

ತಲೆ ಬೋಳಾದ ದಿನವೇ ಅವಳು ಕನ್ನಡಿಯ ಜೊತೆ ಟೂ ಬಿಟ್ಟಿದ್ದಳು. ಇವತ್ತೂ ಅದರ ಮುಖ ನೋಡದೆ, ತಲೆಗೆ ಬಟ್ಟೆ ಸುತ್ತಿ, ಮೂಗು ಬಾಯಿಗೆ ಮಾಸ್ಕ್ ಹಾಕಿ ಹೊರಟಳು. ಹುಬ್ಬು ಅವಳಿಗೆ ಬರೀ ಅಂದಕ್ಕೆ ಬೇಕಿರಲಿಲ್ಲ. ಲೈಬ್ರರಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಅವಳು ಒಂದು ಹುಬ್ಬು ಏರಿಸುತ್ತಿದ್ದಳು, ಅಷ್ಟೇ. ಎಂಥ ವಾಚಾಳಿಯೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಹುಬ್ಬು ಉದುರಿದ್ದೇ ತಡ, ಎಲ್ಲರೂ ತಲೆ ಮೇಲೆ ಕೂತರು. ಪೇಪರ್ ಓದಲು ಬರುವ ನಿವೃತ್ತರ ದಂಡು ಅವಳ ಮೇಜಿಗೇ ಮುತ್ತಿಗೆ ಹಾಕಿ ಕನಿಕರ ಸುರಿಸತೊಡಗಿತು. ಒಬ್ಬರು ದಾಳಿಂಬೆ ತಿನ್ನಿ ಎಂದರೆ ಇನ್ನೊಬ್ಬರು ಛೆ, ಬೀಟ್‌ರೂಟ್ ಎನ್ನುವರು. ಮೂರನೆಯವರು ತಮ್ಮ ಷಡ್ಡಕನ ಅತ್ತಿಗೆಗೂ ಇದೇ ಆಗಿತ್ತೆಂದು ಶುರು ಮಾಡಿ, ಆಕೆ ಉಳಿದಳೋ ಇಲ್ಲವೋ ಹೇಳದೆ ಎದ್ದು ಹೋಗುವರು!

ಈ ಸಂತೆಯ ಸುದ್ದಿ ಲೈಬ್ರರಿ ಸಮಿತಿಯ ಕಾರ್ಯದರ್ಶಿಯ ಕಿವಿಗೆ ಬಿದ್ದಿತ್ತು. ಅವಳನ್ನು ಮನೆಗೆ ಕಳಿಸಿ, ಆ ಕುರ್ಚಿಯಲ್ಲಿ ತಮ್ಮ ಭಾವಮೈದುನನನ್ನು ಕೂರಿಸಲು ಅವರು ಇವತ್ತು ಬರುವವರಿದ್ದರು. ಕುರ್ಚಿ ಹೋದರೆ ತಾನು ಬರೀ ರೋಗಿ, ಇನ್ನೇನೂ ಅಲ್ಲ. ಅದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಅವಳು ಒಳಗೆ ಕಾಲಿಟ್ಟಳು. "ಅಯ್ಯೋ, ಹೇಗಿದ್ದೀರಮ್ಮಾ..." ಎಂದು ಎದ್ದ ದಾಳಿಂಬೆಯವರು ಅರ್ಧಕ್ಕೇ ಕುಕ್ಕರಿಸಿದರು. ಷಡ್ಡಕನವರು ಪೇಪರನ್ನು ತಲೆಕೆಳಗಾಗಿ ಹಿಡಿದು ಬಹಳ ಆಸಕ್ತಿಯಿಂದ ಓದತೊಡಗಿದರು. ಫ್ಯಾನು ತಿರುಗುವ ಸದ್ದು ಕೇಳಿಸಿತು. ಏನಾಯಿತಪ್ಪಾ ಇವರಿಗೆ ಎಂದು ಅವಳಿಗೇ ಸೋಜಿಗ.

ಭಾವಮೈದುನನನ್ನು ಹಿಂದಿಟ್ಟುಕೊಂಡು ಕಾರ್ಯದರ್ಶಿಗಳು ಬಂದರು. "ನೋಡಮ್ಮಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಇನ್ನು ಸ್ವಲ್ಪ ದಿನ..."

ಬಾಯಿ ಬಿಟ್ಟು ಬೇಡಿಕೊಳ್ಳೋಣವೆಂದರೆ ಹುಣ್ಣು. ಅವಳು ತಲೆ ಎತ್ತಿ, ತನಗೆ ಸಾಧ್ಯವಾದಷ್ಟು ದೈನ್ಯದಿಂದ ಅವರನ್ನೇ ನೋಡಿದಳು.

ಕಾರ್ಯದರ್ಶಿಗಳು ಒಂದು ಹೆಜ್ಜೆ ಹಿಂದೆ ಸರಿದರು. "ಸ್ವಲ್ಪ ದಿನ... ಈ ಕುರ್ಚಿಗೊಂದು ಮೆತ್ತನೆ ದಿಂಬು ಹಾಕಿಸೋಣ ಅಂತ. ಬೇರೇನಿಲ್ಲ. ಬೇರೇನೂ ಇಲ್ಲಮ್ಮಾ!" ಎಂದು ತಿರುಗಿದರೆ ಭಾವಮೈದುನ ಆಗಲೇ ಮೆಟ್ಟಿಲಿಳಿದಿದ್ದ.

ಮಧ್ಯಾಹ್ನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೋದಾಗ ಕೊಳಾಯಿಯ ಮೇಲಿದ್ದ ಕನ್ನಡಿ ಕಣ್ಣಿಗೆ ಬಿತ್ತು. ಅಮ್ಮಮ್ಮಾ! ಹೆಬ್ಬೆರಳು ದಪ್ಪದ ಎರಡು ಕರಿ ಪಟ್ಟಿಗಳು, ಗುದ್ದಾಡಲು ಬಂದ ಟಗರುಗಳ ಹಾಗೆ, ಮೂಗಿನ ಬುಡದಲ್ಲಿ ತಲೆ ತಗ್ಗಿಸಿ ನಿಂತಿದ್ದವು. ಅವಳಿಗೆ ನಗು ಉಕ್ಕಿತು. ನಕ್ಕರೆ ಬಾಯಿ ಉರಿ, ನಗದಿದ್ದರೆ ಹೊಟ್ಟೆನೋವು. ದವಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಗೋಡೆಗೊರಗಿ ನಕ್ಕಳು.

ಸಂಜೆ ಮನೆಗೆ ಬಂದವಳೇ ಮಾಸ್ಕ್ ಕಿತ್ತಳು. "ಏನ್ರೀ ಇದು? ಇಷ್ಟು ಕೋಪದ ಹುಬ್ಬು ಬರೆಯೋದಾ?"

"ಕೋಪದ್ದಾ?" ಗಂಡ ಬಾಗಿಲಿಗೆ ಕೈ ಕೊಟ್ಟು ಬಗ್ಗಿ ನೋಡಿದ. "ನಿನ್ನ ಹುಬ್ಬು ಹೇಗಿತ್ತೋ ಹಾಗೇ ಬರೆದಿದ್ದೀನಿ. ನೋಡ್ಕೊಂಡು ಬರೆಯೋಕೆ ಏನಿತ್ತು? ನೆನಪಿಂದ ಬರೆದೆ."

"ಅಂದ್ರೆ, ಮದುವೆ ಆದಾಗಿಂದ ನಾನು ಹೀಗಾ ಇದ್ದೆ?"

"ಬೇರೆಯವರಿಗೆ ಹೇಗೆ ಕಾಣ್ತಿತ್ತೋ ಗೊತ್ತಿಲ್ಲಪ್ಪ. ನನಗೆ ಸಿಕ್ಕಿದ್ದು ಇದೇ." ಅವನು ನಗಲು ಹೋದ; ಆಗಲಿಲ್ಲ. "ಆಸ್ಪತ್ರೆಗೆ ಹೋಗೋಕೆ ಶುರು ಮಾಡಿದ ಮೇಲೆ ನೀನು ಒಂದು ಸಲಾನೂ ನನ್ನ ಬೈದಿಲ್ಲ ಕಣೇ. ಏನು ಮಾಡಿದ್ರೂ ಸರಿ ಸರಿ ಅಂತೀಯ. ನಂಗೆ ಭಯ ಆಗುತ್ತೆ."

ಅವಳ ಕಣ್ಣು ಬಾಗಿಲ ಮೇಲಿದ್ದ ಅವನ ಕೈಗೆ ಬಿತ್ತು. ಆಮೇಲೆ ಹುಣ್ಣು ಗಿಣ್ಣು ಲೆಕ್ಕಿಸದೆ ಪೂರ್ತಿ ಬಾಯಿ ತೆರೆದಳು.

"ಮೊದ್ಲು ಆ ಬಣ್ಣದ ಕೈ ತೆಗೀರಿ! ಬಾಗಿಲೇನು ನಿಮ್ಮ ಕೈ ಒರೆಸೋ ಬಟ್ಟೆನಾ? ಎಷ್ಟು ಸಲ ಬಡ್ಕೋಬೇಕು ನಾನು... ಆಹ್!"

ಕೆನ್ನೆ ಹಿಡಿದು ಅಲ್ಲೇ ಕೂತಳು. ಗಂಡ ಗಾಬರಿಯಿಂದ ಓಡಿ ಬಂದ. ಆದರೆ ಅವನ ಮುಖ ಮಾತ್ರ ಊರಗಲ ಅರಳಿತ್ತು.

"ತುಂಬಾ ನೋವಾಯ್ತಾ?"

"ಮತ್ತೆ? ಆಗದೆ ಇರುತ್ತಾ?"

ಅವನು ಒಂದು ಲೋಟ ತಣ್ಣೀರು ತಂದುಕೊಟ್ಟು, ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಹಾಗಾದ್ರೆ ನಿಧಾನಕ್ಕೆ ಬೈ," ಎಂದ. "ನನಗೇನೂ ಅರ್ಜೆಂಟಿಲ್ಲ."