ಒಂದೇ ಒಂದು ನೆರಳು

"ಈ ರಾಷ್ಟ್ರಾಧ್ಯಕ್ಷರನ್ನ ಕಿತ್ತೊಗೆಯೋವರೆಗೂ ಬಿಡಲ್ಲ!" ಎಂದು ವಿರೋಧ ಪಕ್ಷದ ನಾಯಕ ರುದ್ರಗೌಡರು ಮೇಜು ಗುದ್ದಿದರು. ಟೀವಿಯವರಿಗೆ ಅಷ್ಟು ಸಾಕಿತ್ತು.

ಮನಸಾರೆ ಎತ್ತದ ಕೈಗೆ ಆ ದೇಶದಲ್ಲಿ ನೆರಳು ಬೀಳುತ್ತಿರಲಿಲ್ಲ. ಮದುವೆಯಲ್ಲೂ ಧಾರೆಯ ಹೊತ್ತಿಗೆ ದೀಪ ಹಿಡಿದು ನೋಡುತ್ತಿದ್ದರು. ಸದನದಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಗೋಡೆಯ ಮೇಲಿನ ನೆರಳು ಮಾತ್ರ. ರಾಷ್ಟ್ರಾಧ್ಯಕ್ಷರ ಜೊತೆ ಗೌಡರ ಒಳ ಒಪ್ಪಂದ ನಿಂತಿದ್ದೂ ಅದರ ಮೇಲೇ: ಕೈ ಎಲ್ಲರೂ ಎತ್ತಲಿ, ನೆರಳು ಒಬ್ಬರದೂ ಬೀಳದಿರಲಿ.

ಅಧ್ಯಕ್ಷರನ್ನು ಕಿತ್ತುಹಾಕುವ ಗೊತ್ತುವಳಿ ಮತಕ್ಕೆ ಬಂತು; ದೊಡ್ಡ ದೀಪ ಹೊತ್ತಿತು. ಕೈಗಳು ಎದ್ದವು. ಬಿಳಿ ಗೋಡೆಯ ಮೇಲೆ ಒಂದೇ ಒಂದು ನೆರಳು ಬಿತ್ತು.

"ಯಾರಮ್ಮಾ ಅದು ಮನೆಹಾಳರು? ಹುಡುಕಿ. ಇವತ್ತೇ ಪಕ್ಷದಿಂದ ಆಚೆ ಹಾಕ್ತೀನಿ," ಎಂದು ಗೌಡರು ನೀಲಗಂಗಮ್ಮನತ್ತ ತಿರುಗಿ ಹಲ್ಲು ಕಡಿದರು.

ಪಕ್ಷದ ಸದಸ್ಯರನ್ನು ಹದ್ದುಬಸ್ತಿನಲ್ಲಿಡುವುದು ಸಚೇತಕಿಯಾದ ಅವಳ ಕೆಲಸ. ಅವಳ ಗುಮಾನಿ ಮೊದಲು ಬೆವರುತ್ತಿದ್ದ ಚೆನ್ನಬಸಪ್ಪನ ಮೇಲೆ ಹೋಯಿತು, ಆಮೇಲೆ ನಗು ತಡೆದುಕೊಂಡಂತಿದ್ದ ಹಿಂದಿನ ಸಾಲಿನವರ ಮೇಲೆ. ನೆರಳಿನ ಮಣಿಕಟ್ಟಿನಲ್ಲಿ ಬಳೆಗಳು ಕಂಡಾಗ ಪಕ್ಕದ ಮೀನಾಕ್ಷಮ್ಮನನ್ನು ದುರುಗುಟ್ಟಿಕೊಂಡು ನೋಡಿದಳು.

"ನನ್ನ ಯಾಕಕ್ಕಾ ನೋಡ್ತೀರಿ? ನಾನು ಬಳೆ ಹಾಕೋದೇ ಇಲ್ವಲ್ಲ."

ನೀಲಗಂಗಮ್ಮ ಎತ್ತಿಯೇ ಇದ್ದ ತನ್ನ ಕೈಯನ್ನು ಮೆಲ್ಲನೆ ಅಲುಗಿಸಿದಳು. ಗೋಡೆಯ ಮೇಲಿನ ಬಳೆಗಳು ಮೊಣಕೈಯತ್ತ ಜಾರಿದವು.