ಹಾಬ್ಸನ ಬಿಲ್ಲೆ

"ಚನ್ನಬಸಯ್ಯನವರ, ನಮ್ಮ ಅತ್ತಿ ನಿನ್ನಿ ಚಿಲ್ಲರದಾಗ ಒಂದು ತಾಮ್ರದ ಬಿಲ್ಲಿ ಕೊಟ್ಟಾರ್ರೀ. ಅದು ನಂದು."

ಅನುಜಾ ಬೆಳಗಾವಿಯಿಂದ ಮೊದಲ ಬಸ್ಸಿಗೇ ಖಾನಾಪುರಕ್ಕೆ ಬಂದಿದ್ದಳು. ಮೂರು ವರ್ಷ ಹುಡುಕಿ ತರಿಸಿದ್ದ ಬಿಲ್ಲೆ. ಒಂದು ಗೀರು ಬಿದ್ದರೂ ಅದರ ಕಥೆ ಮುಗಿದಂತೆ.

ಕಿರಾಣಿ ಅಂಗಡಿಯ ಚನ್ನಬಸಯ್ಯ ಗಲ್ಲಾಪೆಟ್ಟಿಗೆಯಿಂದ ಬಿಲ್ಲೆ ತೆಗೆದರು. ಕೊಡಲಿಲ್ಲ. ಅದರ ಮೇಲಿನ ಇಂಗ್ಲಿಷನ್ನು ಕೂಡಿಸಿಕೊಂಡು ಓದಿದರು. "ಹಾಬ್ಸ್. ಚಹಾ, ಕಾಫಿ, ದಿನಸಿ. ಎಲ್ಲಾರಕಿಂತಾ ಸೋವಿ." ತಲೆ ಎತ್ತಿದರು. "ನಿಮ್ಮ ಅತ್ತಿ ಜಿನಮತಿ ಅಕ್ಕಾರು ನಮ್ಮ ಮೂವತ್ತು ವರ್ಷದ ಗಿರಾಕಿ. ಈಗ ಹಾಬ್ಸ್ ಕಡಿ ಹೊಂಟಾರೇನು? ಬೆಳಗಾವಿ ಕ್ಯಾಂಪಿನಾಗ ಐತೇನು ಅಂಗಡಿ?"

"ಅಮೆರಿಕಾದಾಗ್ರೀ. ಅಲ್ಲಿ ಚಿಲ್ಲರ ಸಿಗದಾಗ ಅಂಗಡಿಯವ್ರು ತಮ್ಮ ಹೆಸರು ಹಾಕಿ ಇಂಥಾ ಬಿಲ್ಲಿ ಮಾಡಸ್ತಿದ್ರು. ಅವನ್ನ ನಾ ಕೂಡಿಸಿ ಇಡ್ತೀನಿ."

"ಶಾಣ್ಯಾ ಅದಾನ! ನಾವು ಚಿಲ್ಲರ ಬದಲಿ ಚಾಕಲೇಟ್ ಕೊಡ್ತೀವಿ, ತಿಂದು ನಮ್ಮ ಹೆಸರು ಮರೀತಾರ." ಅವರ ಮುಖ ಮತ್ತೆ ಗಂಟಿಕ್ಕಿತು. "ಅಮೆರಿಕಾದಾಗಿದ್ರೇನು? ಫೋನ್‌ದಾಗ ಒತ್ತಿದ್ರ ಸಾಮಾನು ಮನಿಗೇ ಬರ್ತಾವ ಈಗ." ಬಿಲ್ ಚುಚ್ಚುವ ಮೊಳೆಯನ್ನು ಕೈಗೆತ್ತಿಕೊಂಡರು. "ಹೆಸರಷ್ಟ ಕೆರದು ಕೊಡ್ತೀನಿ. ನನ್ನ ಅಂಗಡಿಯಿಂದ ಮತ್ತೊಬ್ಬರ ಜಾಹೀರಾತು ಹೊರಗ ಹೋಗೂದು ಬ್ಯಾಡ."

"ಹಾಬ್ಸ್ ತೀರಿಕೊಂಡಾರ್ರೀ!" ಅನುಜಾ ಕೂಗಿಯೇಬಿಟ್ಟಳು.

ಮೊಳೆ ನಿಂತಿತು. "ಯಾವಾಗ?"

"ನೂರು ವರ್ಷದ ಮ್ಯಾಲಾತು."

"ಅಂಗಡಿ?"

"ಅದೂ ಇಲ್ರೀ."

ಚನ್ನಬಸಯ್ಯ ಮೊಳೆ ಕೆಳಗಿಟ್ಟರು. ಬಿಲ್ಲೆಯನ್ನು ಪಂಚೆಯ ಚುಂಗಿನಲ್ಲಿ ಮೆಲ್ಲಗೆ ಒರೆಸಿ, ಎರಡೂ ಕೈಯಿಂದ ಅವಳಿಗೆ ಕೊಟ್ಟರು. ಆಮೇಲೆ ಎದ್ದು ಶಟರನ್ನು ಅರ್ಧಕ್ಕೆ ಎಳೆದರು.

"ಇದೇನ್ರೀ?"

"ಧಂದೆದವ್ರು ಯಾರು ತೀರಿಕೊಂಡ್ರೂ ಶಟರ್ ಎಳೀತೀವಿ. ಬಾಜಾರದ ರಿವಾಜು."

"ಆದ್ರ ನೂರು ವರ್ಷ—"

"ನನಗ ಸುದ್ದಿ ಈಗ ಬಂತಲ್ರೀ."

ಅನುಜಾ ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಶಟರಿನ ಕೆಳಗೆ ಬಗ್ಗಿ ಹೊರಬಂದಳು. ಎದುರಿನ ಪಾತ್ರೆ ಅಂಗಡಿಯಿಂದ ಗುರುಪಾದಪ್ಪ ಇಣುಕಿದರು. "ಯಾರು ಹೋದ್ರು, ಚನ್ನಬಸಯ್ಯಾ?"

"ದಿನಸಿ ಹಾಬ್ಸ್."

"ಛೇ ಛೇ, ಭಾಳ ಸಂಭಾವಿತ ಮನಶ್ಯಾ," ಎಂದು ಗುರುಪಾದಪ್ಪ ತಮ್ಮ ಶಟರನ್ನೂ ಎಳೆದರು. ಪಕ್ಕದ ಬಳೆ ಅಂಗಡಿಯವನು ಯಾರೆಂದೂ ಕೇಳದೆ ತನ್ನದನ್ನು ಎಳೆದ. ಅನುಜಾ ಬಸ್ ನಿಲ್ದಾಣದತ್ತ ಬಿರಬಿರನೆ ನಡೆದಂತೆಲ್ಲ, ಅವಳ ಎರಡೂ ಬದಿಯಲ್ಲಿ ಶಟರುಗಳು ಒಂದೊಂದಾಗಿ ಇಳಿಯುತ್ತಾ ಬಂದವು.